ಹಿಮಕುಸಿತದ ಅಪಾಯ ಅಳೆಯುವುದು ಹೇಗೆ? ಚಳಿಗಾಲದಲ್ಲಿ ಹಿಮದ ಬೆಟ್ಟಕ್ಕೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಹಿಮಕುಸಿತ ಅಂದರೆ ಎಲ್ಲೋ ಮೇಲಿಂದ ತಾನಾಗಿ ಉರುಳಿ ಬರುವ ಆಪತ್ತು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಚಾರಣ, ಸ್ಕೀಯಿಂಗ್ ಅಂತ ಹೋದವರು ಸಾಯುವ ಘಟನೆಗಳನ್ನು ನೋಡಿದರೆ ಚಿತ್ರವೇ ಬೇರೆ. ಸುಮಾರು ಶೇ 90ರಷ್ಟು ಪ್ರಕರಣಗಳಲ್ಲಿ ಕುಸಿತ ಎಬ್ಬಿಸಿದವರು ಸಿಕ್ಕಿಹಾಕಿಕೊಂಡವರೇ, ಇಲ್ಲವೇ ಅವರ ಜೊತೆಗಿದ್ದವರು. ಅಂದರೆ ಎಲ್ಲಿ ಕಾಲಿಡುತ್ತೇವೆ ಅನ್ನುವುದರ ಮೇಲೆಯೇ ಬಹುಪಾಲು ನಿಂತಿದೆ.

ಈ ಬರಹ ಸ್ಕೀ ರೆಸಾರ್ಟಿನ ಬೇಲಿಯ ಒಳಗೆ ಆಡುವವರಿಗಲ್ಲ. ಅಲ್ಲಿ ಇಳಿಜಾರುಗಳನ್ನು ದಿನವೂ ನೋಡಿಕೊಳ್ಳುವವರು ಇರುತ್ತಾರೆ, ಬೇಕಾದರೆ ಸ್ಫೋಟಕ ಇಟ್ಟು ಹಿಮವನ್ನು ಮೊದಲೇ ಇಳಿಸಿಬಿಡುತ್ತಾರೆ. ಬೇಲಿಯಾಚೆ, ಬ್ಯಾಕ್‌ಕಂಟ್ರಿ ಅನ್ನುವ ಜಾಗದಲ್ಲಿ ಆ ಕೆಲಸ ನಿಮ್ಮದೇ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿಮದ ಒಳಗೆ ಏನಿದೆ ಅಂತ ಪೂರ್ತಿಯಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹತ್ತು ಹೆಜ್ಜೆ ಆಚೆ ಅದೇ ಹಿಮ ಬೇರೆ ಥರ ಇರಬಹುದು. ಆದರೆ ಇಳಿಜಾರು ಎಷ್ಟು ಕಡಿದು ಅಂತ ಅಳೆದು ಹೇಳಬಹುದು. ಅದಕ್ಕೇ ಹಿಮದ ಬಗ್ಗೆ ಅನುಮಾನ ಬಂದಾಗಲೆಲ್ಲ ಕಡಿಮೆ ಕಡಿದಾದ ದಾರಿ ಹಿಡಿಯಿರಿ. ಕೆಳಗೆ ಬರುವ ಎಲ್ಲ ಹಂತಗಳೂ ಕೊನೆಗೆ ಇಲ್ಲಿಗೇ ಬಂದು ಸೇರುತ್ತವೆ.

ಹಿಮ ಜಾರುವುದು ಹೇಗೆ

ಕುಸಿತದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸಡಿಲ ಹಿಮದ್ದು. ಒಂದು ಬಿಂದುವಿನಲ್ಲಿ ಶುರುವಾಗಿ, ಕೆಳಗಿಳಿಯುತ್ತಾ ಅಗಲವಾಗುತ್ತದೆ. ಸಾಮಾನ್ಯವಾಗಿ ಚಿಕ್ಕದು. ಆದರೆ ಕೆಳಗೆ ಪ್ರಪಾತವಿದ್ದರೆ ನಿಮ್ಮನ್ನು ಅಂಚಿನಿಂದ ತಳ್ಳಲು ಅಷ್ಟು ಸಾಕು.

ಎರಡನೆಯದು ಸ್ಲ್ಯಾಬ್, ಅಂದರೆ ಹಲಗೆಯಂತೆ ಒಟ್ಟಾಗಿ ಒಡೆದು ಜಾರುವ ಹಿಮದ ಪದರ. ಜನರನ್ನು ಕೊಲ್ಲುವುದು ಹೆಚ್ಚಾಗಿ ಇದೇ. ಇದಕ್ಕೆ ನಾಲ್ಕು ಸೇರಬೇಕು: ಒಂದಕ್ಕೊಂದು ಅಂಟಿ ಬಿಗಿಯಾದ ಮೇಲಿನ ಪದರ, ಅದರ ಕೆಳಗೆ ದುರ್ಬಲ ಪದರ, ಸಾಕಷ್ಟು ಕಡಿದಾದ ಇಳಿಜಾರು, ಮತ್ತು ಒಂದು ಒತ್ತಡ. ಆ ಒತ್ತಡ ನಿಮ್ಮ ತೂಕವೂ ಆಗಬಹುದು. ಕಾಲಿಟ್ಟಾಗ ಒಳಗಿನ ದುರ್ಬಲ ಪದರ ಅಲ್ಲಿ ಕುಸಿಯುತ್ತದೆ. ಆ ಬಿರುಕು ಕಣ್ಣಿಗೆ ಕಾಣದಂತೆ ಪದರದ ಉದ್ದಕ್ಕೂ ಓಡುತ್ತದೆ. ಮೇಲಿನ ಸ್ಲ್ಯಾಬಿಗೆ ಆಧಾರ ತಪ್ಪುತ್ತದೆ, ಇಡೀ ಇಳಿಜಾರು ಒಮ್ಮೆಲೇ ಒಡೆಯುತ್ತದೆ. ಒಡೆಯುವ ಗೆರೆ ಬಹಳ ಸಲ ನಿಮ್ಮ ತಲೆಯ ಮೇಲೆ, ಎಷ್ಟೋ ಮೀಟರ್ ಎತ್ತರದಲ್ಲಿರುತ್ತದೆ. ಆಗ ನೀವು ನಿಂತಿರುವುದು ಜಾರುವ ಹಿಮದ ನಡುವೆ. ಒಣ ಸ್ಲ್ಯಾಬ್ ಕೆಲವೇ ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ದಾಟಬಹುದು. ಓಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ.

ಕೋನದ ಲೆಕ್ಕ ಹೀಗಿದೆ. 30 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲಿ ಸ್ಲ್ಯಾಬ್ ಹೊರಡುವುದು ಅಪರೂಪ. 30ರಿಂದ 45ರ ನಡುವೆಯೇ ಹೆಚ್ಚಿನ ಕುಸಿತಗಳು ಹೊರಡುತ್ತವೆ. ಅದರಲ್ಲೂ 38ರ ಆಸುಪಾಸು ಎಲ್ಲಕ್ಕಿಂತ ಕೆಟ್ಟದು. ಇನ್ನೂ ಕಡಿದಾದಲ್ಲಿ ಹಿಮ ನಿಲ್ಲುವುದೇ ಇಲ್ಲ, ಬೀಳುತ್ತಿರುವಾಗಲೇ ಸ್ವಲ್ಪಸ್ವಲ್ಪ ಉದುರಿಹೋಗುತ್ತದೆ. ಬೇಸರದ ಸಂಗತಿಯೆಂದರೆ, ಸ್ಕೀ ಮಾಡಲು ಮಜಾ ಕೊಡುವ ಕೋನವೂ ಇದೇ 30ರಿಂದ 40.

ದುರ್ಬಲ ಪದರ ಹುಟ್ಟುವುದೆಲ್ಲಿ

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಇಲ್ಲಿ ನಮ್ಮ ಸಹಜ ಊಹೆ ತಲೆಕೆಳಗಾಗುತ್ತದೆ.

ಹಿಮ ಬಿದ್ದ ಮೇಲೂ ಬದಲಾಗುತ್ತಲೇ ಇರುತ್ತದೆ. ನೆಲಕ್ಕೆ ತಾಗಿದ ಹಿಮ ಸಾಮಾನ್ಯವಾಗಿ 0 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಇರುತ್ತದೆ. ಮೇಲ್ಮೈ ಮಾತ್ರ ಚಳಿಗೆ ತಕ್ಕಂತೆ ತಣ್ಣಗಾಗುತ್ತದೆ. ಈ ವ್ಯತ್ಯಾಸ ಪ್ರತಿ 10 ಸೆಂಟಿಮೀಟರಿಗೆ ಸುಮಾರು 1 ಡಿಗ್ರಿ ಮೀರಿದರೆ ಹರಳುಗಳು ಕೆಡಲು ಶುರುವಾಗುತ್ತವೆ. ನೀರಾವಿ ಕೆಳಗಿನಿಂದ ಮೇಲಕ್ಕೆ ಸರಿಯುತ್ತದೆ, ಹರಳುಗಳು ಮೂಲೆ ಮೂಲೆಯಾಗಿ ಬೆಳೆಯುತ್ತವೆ, ಒಂದಕ್ಕೊಂದು ಅಂಟುವುದನ್ನು ಬಿಡುತ್ತವೆ. ಇವಕ್ಕೆ ಫ್ಯಾಸೆಟ್ ಅನ್ನುತ್ತಾರೆ. ನೆಲದ ಹತ್ತಿರ ದೊಡ್ಡದಾಗಿ ಬೆಳೆದವು ಡೆಪ್ತ್ ಹೋರ್. ಕೈಯಲ್ಲಿ ಹಿಡಿದರೆ ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಉಂಡೆ ಕಟ್ಟಲು ನೋಡಿದರೆ ಆಗುವುದಿಲ್ಲ.

ಈಗ ಲೆಕ್ಕ ಹಾಕಿ. ಮೇಲ್ಮೈ ಮೈನಸ್ 15 ಡಿಗ್ರಿ ಇದೆ ಅನ್ನೋಣ. ಹಿಮ 3 ಮೀಟರ್ ದಪ್ಪವಿದ್ದರೆ 10 ಸೆಂಟಿಮೀಟರಿಗೆ ಅರ್ಧ ಡಿಗ್ರಿ ವ್ಯತ್ಯಾಸ. ಅಲ್ಲಿ ಹರಳುಗಳು ದುಂಡಗಾಗಿ, ಅಂಟಿಕೊಂಡು ಗಟ್ಟಿಯಾಗುತ್ತವೆ. ಅದೇ 60 ಸೆಂಟಿಮೀಟರ್ ಹಿಮವಾದರೆ 10 ಸೆಂಟಿಮೀಟರಿಗೆ ಎರಡೂವರೆ ಡಿಗ್ರಿ. ಅಂದರೆ ತೆಳು ಹಿಮ, ತೆರೆದ ಆಕಾಶ, ಕೊರೆಯುವ ಚಳಿ ಸೇರಿದರೆ ದುರ್ಬಲ ಪದರ ಖಂಡಿತ. "ಈ ಸಲ ಹಿಮ ಕಮ್ಮಿ, ಹಾಗಾಗಿ ಅಪಾಯವೂ ಕಮ್ಮಿ" ಅನ್ನುವ ಮಾತು ಕೇಳಿರುತ್ತೀರಿ ಅಲ್ವಾ? ಬಹಳ ಸಲ ಅದು ಉಲ್ಟಾ. ಋತುವಿನ ಆರಂಭದಲ್ಲಿ ಸ್ವಲ್ಪ ಹಿಮ ಬಿದ್ದು, ಮೂರು ವಾರ ಚಳಿಯಲ್ಲಿ ಒಣಗಿ, ಆಮೇಲೆ ದೊಡ್ಡ ಹಿಮ ಬಿದ್ದರೆ ಆ ವರ್ಷದ ಅಡಿಪಾಯವೇ ಕೆಟ್ಟಿರುತ್ತದೆ. ಅಂಥ ಪದರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ಇನ್ನೊಂದು ಸರ್ಫೇಸ್ ಹೋರ್. ಮೋಡವಿಲ್ಲದ, ಗಾಳಿಯಿಲ್ಲದ, ತೇವವಿರುವ ರಾತ್ರಿಯಲ್ಲಿ ಹಿಮದ ಮೇಲೆ ತೆಳ್ಳನೆಯ ಚಪ್ಪಟೆ ಹರಳುಗಳು ನೆಟ್ಟಗೆ ನಿಂತು ಬೆಳೆಯುತ್ತವೆ. ಬೆಳಗಿನ ಬಿಸಿಲಿಗೆ ಮಿನುಗುತ್ತವೆ, ನೋಡಲು ಚಂದವೋ ಚಂದ. ಮೇಲೆ ಇದ್ದಾಗ ತೊಂದರೆಯಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು ಮುಚ್ಚಿದ ಮೇಲೆ ಶುರು. ಕೆಲವು ಮಿಲಿಮೀಟರ್ ದಪ್ಪದ ಆ ಪದರವನ್ನು ಹಿಮ ಅಗೆದರೂ ಕಣ್ಣು ತಪ್ಪಿಸಿಬಿಡಬಹುದು. ಅದಕ್ಕೇ ಅದು ಮೇಲೆ ಕಾಣಿಸುವ ದಿನವೇ ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರಿನಲ್ಲಿದೆ, ಯಾವ ಎತ್ತರದಲ್ಲಿದೆ ಅಂತ ಬರೆದಿಟ್ಟುಕೊಳ್ಳಿ.

ಹಂತ 1: ಹೊರಡುವ ಮೊದಲು ಮುನ್ಸೂಚನೆ ಓದಿ

ಹಿಮಕುಸಿತದ ಮುನ್ಸೂಚನೆ ಕೊಡುವ ಸಂಸ್ಥೆಗಳು ಹಲವು ದೇಶಗಳಲ್ಲಿವೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಎಸ್‌ಎಲ್‌ಎಫ್, ಕೆನಡಾದಲ್ಲಿ ಅವಲಾಂಚ್ ಕೆನಡಾ, ಭಾರತದ ಹಿಮಾಲಯಕ್ಕೆ ಡಿಆರ್‌ಡಿಒ ಅಡಿಯ ಡಿಜಿಆರ್‌ಇ. ನೀವು ಹೋಗುವ ಬೆಟ್ಟಸಾಲಿಗೆ ಯಾರು ಕೊಡುತ್ತಾರೆ ಅಂತ ಪತ್ತೆ ಮಾಡಿ, ಹೋಗುವ ದಿನ ಮಾತ್ರವಲ್ಲ, ಅದಕ್ಕಿಂತ ಒಂದು ವಾರ ಮೊದಲಿನಿಂದಲೇ ಓದುತ್ತಾ ಬನ್ನಿ.

ಅಪಾಯದ ಮಟ್ಟ ಐದು: ಕಡಿಮೆ, ಮಧ್ಯಮ, ಗಣನೀಯ, ಹೆಚ್ಚು, ಅತಿ ಹೆಚ್ಚು. ಜನ ಎಡವುವುದು ಮೂರರಲ್ಲಿ. ಐದರಲ್ಲಿ ಮೂರು ಅಂದರೆ ಮಧ್ಯದ ಲೆಕ್ಕ, ಪರವಾಗಿಲ್ಲ ಅನ್ನಿಸುತ್ತದೆ. ಹಾಗಲ್ಲ. ಒಂದೊಂದು ಮಟ್ಟ ಏರಿದಾಗಲೂ ಅಪಾಯ ಸಮವಾಗಿ ಏರುವುದಿಲ್ಲ, ಪಟ್ಟು ಪಟ್ಟಾಗಿ ಹೆಚ್ಚುತ್ತದೆ. ಮೂರರ ಅರ್ಥವೇ ಮನುಷ್ಯರ ತೂಕಕ್ಕೆ ಹಿಮ ಜಾರುವ ಸಾಧ್ಯತೆ ಇದೆ ಅಂತ. ನಾಲ್ಕು, ಐದು ಬಂದಾಗ ಜನ ಮನೆಯಲ್ಲೇ ಉಳಿಯುತ್ತಾರೆ. ಮೂರಿಗೆ ಹೊರಡುತ್ತಾರೆ, ಸಾವುಗಳೂ ಆ ಮಟ್ಟದಲ್ಲೇ ಜಾಸ್ತಿ.

ಅಂಕಿ ನೋಡಿ ಮುಚ್ಚಿಡಬೇಡಿ, ಕೆಳಗೆ ಬರೆದಿರುವುದನ್ನು ಓದಿ. ಇಂದಿನ ಸಮಸ್ಯೆ ಏನು? ಹೊಸ ಹಿಮವೋ, ಗಾಳಿ ತಂದು ಒಟ್ಟಿದ್ದೋ, ಹಳೆಯ ದುರ್ಬಲ ಪದರವೋ, ಒದ್ದೆ ಹಿಮವೋ? ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರಿನಲ್ಲಿ, ಯಾವ ಎತ್ತರದಲ್ಲಿ? ಹೊಸ ಹಿಮದ ಸಮಸ್ಯೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಳೆಯ ದುರ್ಬಲ ಪದರದ ಸಮಸ್ಯೆ ಅಷ್ಟು ಬೇಗ ಹೋಗುವುದಿಲ್ಲ, ಮೇಲೆ ಯಾವ ಸುಳಿವನ್ನೂ ಕೊಡುವುದಿಲ್ಲ. ಆ ಹೆಸರು ಕಂಡರೆ ನಾನಂತೂ ಕಡಿದಾದ ಇಳಿಜಾರಿನ ಆಸೆಯನ್ನು ಅಲ್ಲಿಗೇ ಬಿಡುತ್ತೇನೆ. ಆ ಪದರದ ಜೊತೆ ಜಾಣತನ ನಡೆಯುವುದಿಲ್ಲ.

ಸ್ವಿಟ್ಜರ್ಲೆಂಡಿನ ಪರ್ವತ ಮಾರ್ಗದರ್ಶಿ ವರ್ನರ್ ಮುಂಟರ್ 1990ರ ದಶಕದಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಮಟ್ಟ 2 ಇದ್ದರೆ 40 ಡಿಗ್ರಿ ಒಳಗೆ ಇರಿ, ಮಟ್ಟ 3 ಇದ್ದರೆ 35ರ ಒಳಗೆ, ಮಟ್ಟ 4 ಇದ್ದರೆ 30ರ ಒಳಗೆ. ಇಳಿಜಾರಿನ ಅತಿ ಕಡಿದಾದ ತುಂಡಿನ ಕೋನವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಸರಾಸರಿಯನ್ನಲ್ಲ. ಹೊಸಬರು ಇದರಲ್ಲಿ ಇನ್ನೂ 5 ಡಿಗ್ರಿ ಕಳೆದುಕೊಂಡರೆ ಒಳ್ಳೆಯದು.

ಮುನ್ಸೂಚನೆಯೇ ಇಲ್ಲದ ಜಾಗಕ್ಕೆ ಹೋಗುತ್ತಿದ್ದರೆ? ಆಗ ಮಟ್ಟ 3 ಅಂತಲೇ ಅಂದುಕೊಂಡು ಯೋಜನೆ ಹಾಕಿ.

ಹಂತ 2: ನಕ್ಷೆಯ ಮೇಲೆ ದಾರಿ ಎಳೆಯಿರಿ

ಈಗಿನ ನಕ್ಷೆಯ ಆ್ಯಪ್‌ಗಳಲ್ಲಿ ಇಳಿಜಾರಿನ ಕೋನಕ್ಕೆ ಬಣ್ಣ ಹಾಕಿ ತೋರಿಸುವ ಸೌಲಭ್ಯವಿದೆ. 30 ಡಿಗ್ರಿ ಮೀರಿದ್ದೆಲ್ಲ ಎದ್ದು ಕಾಣುತ್ತದೆ. ಕಾಗದದ ನಕ್ಷೆಯಲ್ಲೂ ತಿಳಿಯಬಹುದು. 1:25,000 ನಕ್ಷೆಯಲ್ಲಿ 20 ಮೀಟರಿಗೊಂದು ಎತ್ತರದ ಗೆರೆ ಇದ್ದರೆ, ಐದು ಗೆರೆಗಳ ಏರಿಕೆ, ಅಂದರೆ 100 ಮೀಟರ್, 7 ಮಿಲಿಮೀಟರ್‌ಗಿಂತ ಕಡಿಮೆ ಜಾಗದಲ್ಲಿ ಕೂತಿದ್ದರೆ ಅದು 30 ಡಿಗ್ರಿ ದಾಟಿದೆ ಅಂತ ಅರ್ಥ. ಆದರೆ ಎರಡು ಗೆರೆಗಳ ನಡುವೆ ಬಚ್ಚಿಟ್ಟುಕೊಂಡ ಚಿಕ್ಕ ಕಡಿದು ತುಂಡು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. 10 ಮೀಟರ್ ಎತ್ತರದ ದಿಣ್ಣೆಯೂ ಒಬ್ಬರನ್ನು ಹೂತುಹಾಕಬಲ್ಲದು.

ನೀವು ನಡೆಯುವ ಜಾಗ ಸಮತಟ್ಟಾಗಿದೆಯೇ ಅನ್ನುವುದಷ್ಟೇ ಪ್ರಶ್ನೆಯಲ್ಲ. ತಲೆಯ ಮೇಲೆ ಏನಿದೆ ನೋಡಿ. ದುರ್ಬಲ ಪದರ ಹರಡಿಕೊಂಡಿದ್ದರೆ ಬುಡದ ಸಮತಟ್ಟಿನಲ್ಲಿ ಕಾಲಿಟ್ಟರೂ ಮೇಲಿನ ಇಳಿಜಾರು ಕಳಚಿ ಬರಬಹುದು.

ಆಮೇಲೆ ಕುಸಿತ ಬಂದರೆ ಎಲ್ಲಿ ಹೋಗಿ ಬೀಳುತ್ತೀರಿ ನೋಡಿ. ಕೆಳಗೆ ಕಿರಿದಾದ ಕೊರಕಲು, ತೊರೆಯ ಹಳ್ಳ, ಬಂಡೆ, ಮರಗಳ ಸಾಲು, ಪ್ರಪಾತ ಇದ್ದರೆ ಚಿಕ್ಕ ಕುಸಿತವೂ ದೊಡ್ಡದಾಗುತ್ತದೆ. ಬಯಲಿನಲ್ಲಿ ಹರಡಿ ಮೊಣಕಾಲು ಮುಚ್ಚುವ ಹಿಮ, ಕೊರಕಲಿನಲ್ಲಿ ಒಟ್ಟುಗೂಡಿ ಮೂರು ಮೀಟರ್ ಆಳವಾಗುತ್ತದೆ. ಮರಗಳಿವೆ ಅಂತ ನೆಮ್ಮದಿ ಬೇಡ. ನಡುವೆ ಆರಾಮಾಗಿ ಸ್ಕೀ ಮಾಡುವಷ್ಟು ಜಾಗವಿದ್ದರೆ ಆ ಮರಗಳು ಹಿಮವನ್ನು ಹಿಡಿದು ನಿಲ್ಲಿಸುವುದಿಲ್ಲ. ಒಂದೇ ಪಕ್ಕದ ಕೊಂಬೆಗಳು ಮುರಿದು ಬಿದ್ದಿದ್ದರೆ ಅದು ಕುಸಿತ ಹಾದುಹೋಗುವ ದಾರಿ ಅಂತ ತಿಳಿಯಿರಿ.

ಕೊನೆಗೆ ಎರಡನೇ ದಾರಿಯೊಂದನ್ನು ಎಳೆದಿಟ್ಟುಕೊಳ್ಳಿ. ಎಲ್ಲೂ 30 ಡಿಗ್ರಿ ದಾಟದ, ಮೇಲೆ ಕಡಿದಾದದ್ದೇನೂ ಇಲ್ಲದ ದಾರಿ. ಅದು ಕೈಯಲ್ಲಿದ್ದರೆ ಬೆಟ್ಟದ ಮೇಲೆ "ಬೇಡ" ಅನ್ನುವುದು ಸುಲಭವಾಗುತ್ತದೆ.

ಹಂತ 3: ಸಾಮಾನು

ಪ್ರತಿಯೊಬ್ಬರ ಬಳಿಯೂ ಮೂರು ಇರಲೇಬೇಕು: ಟ್ರಾನ್ಸೀವರ್ (ಸಿಗ್ನಲ್ ಕಳಿಸುವ, ಹೂತವರ ಸಿಗ್ನಲ್ ಹುಡುಕುವ ಚಿಕ್ಕ ರೇಡಿಯೋ ಸಾಧನ), ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಲೋಹದ ಸಲಿಕೆ. ಗುಂಪಿಗೊಂದು ಸಾಲದು. ಟ್ರಾನ್ಸೀವರ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ಹಾಗಾಗಿ ಬೇರೆ ಬೇರೆ ಕಂಪನಿಯದಾದರೂ ಪರಸ್ಪರ ಹುಡುಕಬಲ್ಲವು. ಫೋನಿನ ಆ್ಯಪ್ ಇದಕ್ಕೆ ಬದಲಿಯಲ್ಲ. ಫೋನು, ಕ್ಯಾಮೆರಾ, ಬಿಸಿ ಮಾಡುವ ಕೈಗವಸು ಇವೆಲ್ಲ ಟ್ರಾನ್ಸೀವರಿಗೆ ಅಡ್ಡಿ ಮಾಡುತ್ತವೆ. ಕಳಿಸುವಾಗ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಿ. ಹೊರಡುವ ಜಾಗದಲ್ಲಿ ಒಬ್ಬರು ಮುಂದೆ ನಿಂತು, ಉಳಿದವರು ಒಬ್ಬೊಬ್ಬರಾಗಿ ಹಾದುಹೋಗಿ, ಎಲ್ಲರದೂ ಕಳಿಸುತ್ತಿದೆಯೇ, ಹುಡುಕುತ್ತಿದೆಯೇ ಅಂತ ಪರೀಕ್ಷಿಸಿ.

ಏರ್‌ಬ್ಯಾಗ್, ಅಂದರೆ ಹಿಡಿ ಎಳೆದರೆ ಉಬ್ಬಿ ನಿಮ್ಮನ್ನು ಹಿಮದ ಮೇಲ್ಭಾಗದಲ್ಲಿ ಉಳಿಸಲು ನೆರವಾಗುವ ಬೆನ್ನುಚೀಲ, ಇದ್ದರೆ ಒಳ್ಳೆಯದೇ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೊಡ್ಡದಾಗಿ ಸಿಕ್ಕಿಹಾಕಿಕೊಂಡವರ ಸಾವಿನ ಪ್ರಮಾಣ ಏರ್‌ಬ್ಯಾಗ್ ಉಬ್ಬಿದಾಗ ಶೇ 22ರಿಂದ ಶೇ 11ಕ್ಕೆ ಇಳಿದದ್ದು ಕಂಡುಬಂತು. ಆದರೆ ಮರಕ್ಕೆ, ಬಂಡೆಗೆ ಅಪ್ಪಳಿಸಿದರೆ ಅದು ಕಾಯುವುದಿಲ್ಲ. ಬೆನ್ನಿಗೆ ಏರ್‌ಬ್ಯಾಗ್ ಇದೆ ಅಂತ ಇನ್ನೂ ಕಡಿದಾದ ಇಳಿಜಾರಿಗೆ ನುಗ್ಗಿದರೆ ಲಾಭವೆಲ್ಲ ಅಲ್ಲೇ ಮುಗಿಯಿತು.

ಹಂತ 4: ದಾರಿಯುದ್ದಕ್ಕೂ ಕಣ್ಣು ಕಿವಿ ತೆರೆದಿರಲಿ

ಹಿಮ ಅಗೆದು ನೋಡುವುದಕ್ಕಿಂತ ಹೆಚ್ಚು ಮಾಹಿತಿ ಸುಮ್ನೆ ನಡೆಯುತ್ತಲೇ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸುಳಿವು, ಹೊಸದಾಗಿ ಆದ ಕುಸಿತ. ನೀವು ಹೋಗಬೇಕೆಂದಿರುವ ಇಳಿಜಾರಿನ ಮುಖವೂ ಎತ್ತರವೂ ಅದರದ್ದೇ ಆಗಿದ್ದರೆ ಮತ್ತೆ ಚರ್ಚೆ ಬೇಕಿಲ್ಲ.

ಎರಡನೆಯದು ಸದ್ದು. ಸಮತಟ್ಟಾದ ಹಿಮದಲ್ಲಿ ನಡೆಯುತ್ತಿರುವಾಗ ಕಾಲಡಿಯಲ್ಲಿ "ವುಂಫ್" ಅಂತ ದಪ್ಪ ಸದ್ದು ಬಂದು, ಹಿಮ ಒಂದೆರಡು ಸೆಂಟಿಮೀಟರ್ ಕೆಳಗೆ ಕೂತಂತಾಗುತ್ತದೆ. ಪಕ್ಕದ ಗಿಡದ ಮೇಲಿನ ಹಿಮವೂ ಅಲುಗಿ ಉದುರಬಹುದು. ಹೊಟ್ಟೆಯೊಳಗೆ ಏನೋ ಜಾರಿದ ಅನುಭವ ಅದು, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ನಿಮ್ಮ ತೂಕಕ್ಕೆ ಒಳಗಿನ ದುರ್ಬಲ ಪದರ ಕುಸಿಯಿತು ಅಂತ ಅರ್ಥ. ಜಾಗ ಸಮತಟ್ಟಾಗಿದ್ದರಿಂದ ಜಾರಲಿಲ್ಲ, ಅಷ್ಟೇ.

ಕಾಲಿಟ್ಟಲ್ಲಿಂದ ಬಿರುಕು ಮುಂದಕ್ಕೆ ಓಡಿದರೂ ಅದೇ ಮಾತು. ಬಿರುಕು ಉದ್ದವಾದಷ್ಟೂ ಕೆಟ್ಟದ್ದು.

ಹವಾಮಾನದಲ್ಲಿ ಮೂರು ನೋಡಿ. 24 ಗಂಟೆಯಲ್ಲಿ 30 ಸೆಂಟಿಮೀಟರ್ ಅಥವಾ ಜಾಸ್ತಿ ಹೊಸ ಹಿಮ ಬಿದ್ದಿದ್ದರೆ, ಇಲ್ಲವೇ ಹಿಮದ ಮೇಲೆ ಮಳೆ ಸುರಿದಿದ್ದರೆ ಎಚ್ಚರ. ಗಾಳಿ ಇನ್ನೂ ಮೋಸಗಾರ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗದಲ್ಲಿ ಗಾಳಿ ಹಿಮವನ್ನು ತಂದು ಒಟ್ಟಬಲ್ಲದು. ಹಾಗಾಗಿ ಆಕಾಶ ತಿಳಿಯಾಗಿದ್ದರೂ ಬೆಟ್ಟದ ಏಣಿನ (ನೆತ್ತಿಯ ಉದ್ದನೆಯ ಅಂಚು) ಮೇಲೆ ಹಿಮದ ಧೂಳು ಹಾರುತ್ತಿದ್ದರೆ, ಆಚೆಯ ಮರೆ ಬದಿಯಲ್ಲಿ ಸ್ಲ್ಯಾಬ್ ಕಟ್ಟುತ್ತಿದೆ ಅಂತಲೇ ತಿಳಿಯಿರಿ. ಅಂಥ ಹಿಮ ಮುಟ್ಟಿದರೆ ದಿಂಡಾಗಿರುತ್ತದೆ, ಟೊಳ್ಳು ಸದ್ದು ಬರುತ್ತದೆ. ಏಣಿನ ಅಂಚಿನಿಂದ ಹೊರಚಾಚಿದ ಹಿಮದ ಚಾವಣಿ, ಕಾರ್ನಿಸ್, ಯಾವ ಕಡೆ ಬಾಗಿದೆಯೋ ಆ ಕಡೆಯ ಇಳಿಜಾರಿಗೆ ಹಿಮ ತುಂಬಿದೆ. ಅದರ ಮೇಲೆ ನಿಲ್ಲಬೇಡಿ. ಅಂದುಕೊಂಡದ್ದಕ್ಕಿಂತ ಬಹಳ ಒಳಗಿನಿಂದ ಮುರಿಯುತ್ತದೆ.

ಮೂರನೆಯದು ಬಿಸಿಲು. ರಾತ್ರಿ ಹಿಮ ಸರಿಯಾಗಿ ಹೆಪ್ಪುಗಟ್ಟದೇ ಇದ್ದರೆ, ಬೆಳಗ್ಗೆ ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳುತ್ತಿದ್ದರೆ, ಬೂಟು ಒದ್ದೆ ಹಿಮದಲ್ಲಿ ಕಣಕಾಲು ಮೀರಿ ಹೂತುಕೊಳ್ಳುತ್ತಿದ್ದರೆ ಬಿಸಿಲ ಮುಖದಿಂದ ಹೊರಬನ್ನಿ. ವಸಂತದಲ್ಲಿ ಬೆಳಗಿನ ಜಾವ ಹೊರಟು, ಬಿಸಿಲೇರುವ ಮೊದಲು ಮುಗಿಸುವುದು ಇದಕ್ಕೇ.

ಹಂತ 5: ಹಿಮ ಅಗೆದು ನೋಡುವುದು

ಇದು ಎಲ್ಲರಿಗೂ ಇಷ್ಟದ ಭಾಗ, ಮತ್ತು ಎಲ್ಲರೂ ಜಾಸ್ತಿ ನಂಬುವ ಭಾಗ. ಹೇಗೆ ಮಾಡುವುದು ಹೇಳಿ, ಆಮೇಲೆ ಎಷ್ಟು ನಂಬಬೇಕು ಹೇಳುತ್ತೇನೆ.

ನೀವು ಹೋಗಬೇಕಾದ ಇಳಿಜಾರಿನ ಮುಖ, ಎತ್ತರ, ಕೋನ ಇರುವ, ಆದರೆ ಜಾರಿದರೂ ಅಪಾಯವಿಲ್ಲದ ಚಿಕ್ಕ ಜಾಗ ಆರಿಸಿ. ಮರದ ಬುಡ, ಗಾಳಿ ಒಟ್ಟಿದ ದಿಬ್ಬ, ಹಳೆಯ ಹೆಜ್ಜೆ ಗುರುತು ಬೇಡ. ಮೊದಲು ಪ್ರೋಬ್ ಚುಚ್ಚಿ ಆಳ ನೋಡಿ. ಆಮೇಲೆ ಸುಮಾರು 1.2 ಮೀಟರ್ ಆಳ, ಒಂದೂವರೆ ಮೀಟರ್ ಅಗಲದ ಗುಂಡಿ ತೋಡಿ, ಮೇಲ್ಬದಿಯ ಗೋಡೆಯನ್ನು ಸಲಿಕೆಯಿಂದ ನೆಟ್ಟಗೆ ನುಣುಪಾಗಿ ಕೆರೆಯಿರಿ.

ಗವಸು ಹಾಕಿದ ಕೈಯಿಂದ ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ಹಗುರ ಒತ್ತಡಕ್ಕೆ ಮುಷ್ಟಿ ಒಳಗೆ ಹೋದರೆ ಅತಿ ಮೆತ್ತಗಿನ ಪದರ. ಮುಷ್ಟಿ ಹೋಗದೆ ನಾಲ್ಕು ಬೆರಳು ಹೋದರೆ ಅದಕ್ಕಿಂತ ಗಟ್ಟಿ. ಆಮೇಲೆ ಒಂದು ಬೆರಳು, ಪೆನ್ಸಿಲ್, ಚಾಕು. ಗಟ್ಟಿ ಪದರದ ಕೆಳಗೆ ತಟ್ಟನೆ ಮೆತ್ತಗಾದ ಪದರ ಸಿಕ್ಕರೆ, ಅದೂ ಮೇಲಿನ ಒಂದು ಮೀಟರಿನೊಳಗೆ ಇದ್ದರೆ, ಅದರ ಹರಳನ್ನು ಗವಸಿನ ಮೇಲೆ ಹಾಕಿ ನೋಡಿ. ಮೂಲೆಗಳಿವೆಯೇ, ಮಿನುಗುತ್ತಿವೆಯೇ, ಒಂದಕ್ಕೊಂದು ಅಂಟದೆ ಉದುರುತ್ತಿವೆಯೇ?

ಈಗ ಎಕ್ಸ್‌ಟೆಂಡೆಡ್ ಕಾಲಮ್ ಪರೀಕ್ಷೆ, ಚಿಕ್ಕದಾಗಿ ಇಸಿಟಿ. ಗೋಡೆಯಲ್ಲಿ ಅಡ್ಡಕ್ಕೆ 90 ಸೆಂಟಿಮೀಟರ್, ಒಳಕ್ಕೆ 30 ಸೆಂಟಿಮೀಟರ್ ಅಳತೆಯ ಹಿಮದ ಕಂಬವನ್ನು ಹಿಮದ ಗರಗಸ ಅಥವಾ ಗಂಟು ಹಾಕಿದ ಹಗ್ಗದಿಂದ ಎರಡೂ ಪಕ್ಕ, ಹಿಂದೆ ಕತ್ತರಿಸಿ ಬಿಡಿಸಿ. ಸಲಿಕೆಯ ಅಲಗನ್ನು ಕಂಬದ ಒಂದು ತುದಿಯ ಮೇಲೆ ಮಗುಚಿಡಿ. ಮಣಿಕಟ್ಟಿನಿಂದ ಮಾತ್ರ ಕೈ ಅಲುಗಿಸಿ 10 ಸಲ ತಟ್ಟಿ. ಆಮೇಲೆ ಮೊಣಕೈಯಿಂದ 10, ಕೊನೆಗೆ ಭುಜದಿಂದ 10. ಪ್ರತಿ ಏಟನ್ನೂ ಜೋರಾಗಿ ಎಣಿಸಿ, ಜೊತೆಗಿರುವವರು ಗೋಡೆಯನ್ನೇ ನೋಡುತ್ತಿರಲಿ. ಎಷ್ಟನೇ ಏಟಿಗೆ ಬಿರುಕು ಬಂತು ಅನ್ನುವುದು ಒಂದು ವಿಷಯ. ಅದಕ್ಕಿಂತ ಮುಖ್ಯವಾದದ್ದು, ಅದೇ ಏಟಿಗೆ ಅಥವಾ ಮರು ಏಟಿಗೆ ಬಿರುಕು 90 ಸೆಂಟಿಮೀಟರನ್ನೂ ದಾಟಿ ಆಚೆ ತುದಿ ಮುಟ್ಟಿತೇ? ಮುಟ್ಟಿದರೆ ಈ ಪದರದಲ್ಲಿ ಬಿರುಕು ಓಡುತ್ತದೆ. ಕಡಿದಾದ ಇಳಿಜಾರು ಇಂದು ಬೇಡ. ಸಲಿಕೆಯ ಕೆಳಗಷ್ಟೇ ಕುಸಿದು ನಿಂತರೆ ಓಡುವ ಗುಣ ಇಲ್ಲಿ ಕಾಣಲಿಲ್ಲ ಅಂತ ಅರ್ಥ.

"ಇಲ್ಲಿ ಕಾಣಲಿಲ್ಲ" ಅಷ್ಟೇ, ನೆನಪಿರಲಿ. ಕೆಟ್ಟ ಫಲಿತಾಂಶವನ್ನು ಪೂರ್ತಿ ನಂಬಿ. ಒಳ್ಳೆಯ ಫಲಿತಾಂಶವನ್ನು ನಂಬಿ ಕಡಿದಾದ ಇಳಿಜಾರಿಗೆ ಇಳಿಯಬೇಡಿ. ಮುನ್ಸೂಚನೆ ಒಂದು ಹೇಳುತ್ತಿದೆ, ದಾರಿಯಲ್ಲಿ ವುಂಫ್ ಸದ್ದೂ ಕೇಳಿದೆ, ಗುಂಡಿಯಲ್ಲಿ ಮಾತ್ರ ಎಲ್ಲ ಸರಿ ಕಂಡಿದೆ ಅಂದರೆ ಗುಂಡಿಯನ್ನೇ ಪಕ್ಕಕ್ಕಿಡಬೇಕು.

ಹಂತ 6: ಇಳಿಜಾರು ದಾಟುವಾಗ

ಎಷ್ಟು ಎಚ್ಚರವಹಿಸಿದರೂ ಕೆಲವೊಮ್ಮೆ ಕಡಿದಾದ ತುಂಡೊಂದನ್ನು ದಾಟಬೇಕಾಗುತ್ತದೆ. ಆಗ ಒಬ್ಬೊಬ್ಬರಾಗಿ ಹೋಗಿ. ಉಳಿದವರೆಲ್ಲ ಸುರಕ್ಷಿತ ಜಾಗದಲ್ಲಿ ನಿಂತು ಹೋಗುವವರ ಮೇಲೇ ಕಣ್ಣಿಡಬೇಕು. ದಾಟಿದವರು ಇಳಿಜಾರಿನ ಬುಡದಲ್ಲಿ ಕಾಯಬಾರದು, ಕುಸಿತದ ದಾರಿಯಿಂದ ಪೂರ್ತಿ ಹೊರಗೆ ನಿಲ್ಲಬೇಕು. ಇಳಿಜಾರು ಉಬ್ಬಿ ಬಾಗುವ ಜಾಗದಲ್ಲಿ, ಬಂಡೆಗಳ ಸುತ್ತ ಹಿಮ ತೆಳುವಾಗಿರುವಲ್ಲಿ ಕಾಲಿಡಬೇಡಿ. ದುರ್ಬಲ ಪದರ ನಿಮ್ಮ ಕಾಲಿಗೆ ಹತ್ತಿರ ಸಿಗುವುದು ಅಲ್ಲೇ. ಸ್ಕೀ ಕೋಲಿನ ಪಟ್ಟಿಯಿಂದ ಕೈ ಹೊರತೆಗೆದುಕೊಳ್ಳಿ.

ಮುಂದೆ ಹೋದವರ ಹೆಜ್ಜೆ ಗುರುತು ಇದೆ ಅಂತ ಇಳಿಜಾರು ಗಟ್ಟಿ ಅಂದುಕೊಳ್ಳಬೇಡಿ. ಐದು ಜನ ದಾಟಿದ ಮೇಲೆ ಆರನೆಯವರ ಕಾಲು ತೆಳು ಜಾಗಕ್ಕೆ ಬಿದ್ದು ಇಡೀ ಇಳಿಜಾರು ಎದ್ದುಬರುವುದುಂಟು.

ತಲೆಯೊಳಗಿನ ಅಪಾಯ

ಇಯಾನ್ ಮ್ಯಾಕಮನ್ ಅನ್ನುವ ಸಂಶೋಧಕರು 2000ದ ದಶಕದ ಆರಂಭದಲ್ಲಿ ಅಮೆರಿಕದ ನೂರಾರು ಅಪಘಾತಗಳನ್ನು ಕೆದಕಿ ನೋಡಿದರು. ತರಬೇತಿ ಪಡೆದವರೂ ಕಣ್ಣೆದುರಿನ ಸುಳಿವುಗಳನ್ನು ದಾಟಿಕೊಂಡು ಹೋಗಿದ್ದರು. ಪರಿಚಯದ ಜಾಗ, ಮೊದಲೇ ನಿಶ್ಚಯಿಸಿದ ಗುರಿ, ಗುಂಪಿನಲ್ಲೊಬ್ಬ ಅನುಭವಿ ಇದ್ದಾನೆಂಬ ನಂಬಿಕೆ, ಮುಟ್ಟದ ಹಿಮಕ್ಕೆ ಮೊದಲು ಇಳಿಯುವ ಆಸೆ, ಬೇರೆ ಗುಂಪುಗಳೂ ಹೋಗುತ್ತಿವೆಯಲ್ಲ ಅನ್ನುವ ಧೈರ್ಯ, ಇವೇ ಕಾರಣಗಳು.

2012ರ ಫೆಬ್ರವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸ್ಟೀವನ್ಸ್ ಪಾಸ್ ಹಿಂಬದಿಯ ಟನಲ್ ಕ್ರೀಕ್‌ನಲ್ಲಿ ಮೂವರು ಸತ್ತರು. ಅಂದು ಅಲ್ಲಿಗೆ ಇಳಿದದ್ದು ಬಹಳ ಅನುಭವಿಗಳಿದ್ದ ದೊಡ್ಡ ಗುಂಪು. ಗುಂಪು ದೊಡ್ಡದಾದಷ್ಟೂ ಅನುಮಾನ ಬಾಯಿಗೆ ಬರುವುದು ಕಷ್ಟ. ಎಲ್ಲರೂ ಇನ್ನೊಬ್ಬರು ಹೇಳಲಿ ಅಂತ ಕಾಯುತ್ತಾರೆ. ನಾಲ್ಕೈದು ಜನಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಬ್ಬರು ಬೇಡ ಅಂದರೂ ಎಲ್ಲರೂ ತಿರುಗಬೇಕು, ಕಾರಣ ಹೇಳುವಂತೆ ಅವರನ್ನು ಪೀಡಿಸಬಾರದು ಅನ್ನುವ ನಿಯಮವನ್ನು ಹೊರಡುವ ಮೊದಲೇ ಮಾಡಿಕೊಳ್ಳಿ.

ಸಿಕ್ಕಿಹಾಕಿಕೊಂಡರೆ

ಕೂಗಿ. ಸ್ಕೀ ಮೇಲಿದ್ದರೆ ಪಕ್ಕಕ್ಕೆ ಜಾರಿ ಹೊರಬರಲು ನೋಡಿ. ಏರ್‌ಬ್ಯಾಗ್ ಇದ್ದರೆ ತಕ್ಷಣ ಎಳೆಯಿರಿ. ಕೋಲು ಬಿಸಾಡಿ, ಮರವೋ ಬಂಡೆಯೋ ಸಿಕ್ಕರೆ ಹಿಡಿಯಿರಿ, ಮೇಲೆ ಉಳಿಯಲು ಕೈಕಾಲು ಬಡಿಯಿರಿ. ಹಿಮ ನಿಧಾನವಾಗುತ್ತಿದೆ ಅನ್ನಿಸಿದ ಕೂಡಲೇ ಒಂದು ಕೈಯನ್ನು ಮುಖದ ಮುಂದೆ ತಂದು ಉಸಿರಾಡಲು ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಹಿಮ ಎಷ್ಟು ಬಿಗಿಯುತ್ತದೆಂದರೆ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ.

ಹುಡುಕಿ ಹೊರತೆಗೆಯುವುದು

ಪೂರ್ತಿ ಹೂತುಹೋದವರಲ್ಲಿ ಮೊದಲ 10–15 ನಿಮಿಷದಲ್ಲಿ ಹೊರತೆಗೆದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಒಬ್ಬರು ಉಳಿಯುವುದೂ ಕಷ್ಟ. ಹೊರಗಿನ ರಕ್ಷಣಾ ತಂಡ ಅಷ್ಟರಲ್ಲಿ ಬರುವುದು ಅಪರೂಪ. ಹಾಗಾಗಿ ಅಲ್ಲಿರುವ ನೀವೇ ರಕ್ಷಣಾ ತಂಡ.

ಕೊನೆಗೆ ಅವರು ಕಂಡ ಜಾಗವನ್ನು ಗುರುತಿಟ್ಟುಕೊಳ್ಳಿ. ಮೇಲಿಂದ ಇನ್ನೊಂದು ಕುಸಿತ ಬರುವಂತಿದೆಯೇ ನೋಡಿ. ತಲೆ ಎಣಿಸಿ. ಒಬ್ಬರು ಮುಂದಾಳು ಆಗಲಿ. ಎಲ್ಲರೂ ಟ್ರಾನ್ಸೀವರನ್ನು ಹುಡುಕುವ ಸ್ಥಿತಿಗೆ ತಿರುಗಿಸಿ. ಒಬ್ಬರದು ಕಳಿಸುತ್ತಲೇ ಇದ್ದರೂ ಉಳಿದವರೆಲ್ಲ ಅವರನ್ನೇ ಹುಡುಕುತ್ತಾ ನಿಮಿಷ ಕಳೆಯುತ್ತೀರಿ. ಜನ ಸಾಕಷ್ಟಿದ್ದರೆ ಒಬ್ಬರು ಸಹಾಯಕ್ಕೆ ಕರೆ ಮಾಡಲಿ. ಒಬ್ಬರೇ ಇದ್ದರೆ ಸಹಾಯ ತರಲು ಬೆಟ್ಟ ಇಳಿಯಬೇಡಿ, ಮೊದಲು ಹುಡುಕಿ.

ಸಿಗ್ನಲ್ ಸಿಗುವವರೆಗೆ ಬೇಗ ಹೋಗಿ. ಒಬ್ಬರೇ ಆದರೆ ಸುಮಾರು 40 ಮೀಟರ್ ಅಂತರದಲ್ಲಿ ಅಡ್ಡಡ್ಡ ಸಾಲು ಹೊಡೆಯುತ್ತಾ ಇಳಿಯಿರಿ, ಹಿಮದ ಮೇಲೆ ಕೈಗವಸು, ಸ್ಕೀ ಏನಾದರೂ ಕಾಣುತ್ತದೆಯೇ ಅಂತಲೂ ನೋಡುತ್ತಿರಿ. ಸಿಗ್ನಲ್ ಸಿಕ್ಕ ಮೇಲೆ ಬಾಣದ ಗುರುತು ಹಿಡಿದು ನಡೆಯಿರಿ. ದಾರಿ ಬಾಗಿ ಬಾಗಿ ಹೋದರೆ ಗಾಬರಿ ಬೇಡ, ಸಿಗ್ನಲ್ ಹರಡುವುದೇ ಹಾಗೆ. ಅಂಕಿ 3 ಮೀಟರ್ ಹತ್ತಿರ ಬಂದಾಗ ಸಾಧನವನ್ನು ಹಿಮಕ್ಕೆ ತಾಗಿಸಿ, ತಿರುಗಿಸದೆ, ನಿಧಾನವಾಗಿ ಮುಂದೆ ಹಿಂದೆ, ಆಮೇಲೆ ಅಡ್ಡಕ್ಕೆ ಸರಿಸಿ ಅತಿ ಚಿಕ್ಕ ಅಂಕಿಯ ಜಾಗ ಹುಡುಕಿ. ಅಲ್ಲಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ, ಹಿಮದ ಮೇಲ್ಮೈಗೆ ನೆಟ್ಟಗೆ ಪ್ರೋಬ್ ಚುಚ್ಚುತ್ತಾ ಹೋಗಿ. ಮೈಗೆ ತಾಗಿದರೆ ಗೊತ್ತಾಗುತ್ತದೆ: ನೆಲದಷ್ಟು ಗಟ್ಟಿಯಲ್ಲ, ಸ್ವಲ್ಪ ಸ್ಪ್ರಿಂಗಿನಂತೆ ಮರಳಿ ಒತ್ತುತ್ತದೆ. ತಾಗಿದ ಮೇಲೆ ಪ್ರೋಬ್ ಹೊರತೆಗೆಯಬೇಡಿ.

ಹೆಚ್ಚು ಸಮಯ ನುಂಗುವುದು ಅಗೆತ. ಪ್ರೋಬ್ ಪಕ್ಕದಲ್ಲೇ ನೇರ ಬಾವಿ ತೋಡಬೇಡಿ. ಇಳಿಜಾರಿನ ಕೆಳಬದಿಯಲ್ಲಿ, ಹೂತ ಆಳದ ಒಂದೂವರೆ ಪಟ್ಟು ದೂರದಿಂದ ಶುರುಮಾಡಿ ಅಡ್ಡಕ್ಕೆ ಒಳಹೋಗಿ. ಮುಂದಿರುವವರು ಹಿಮವನ್ನು ತುಂಡುತುಂಡಾಗಿ ಕಡಿಯಲಿ, ಹಿಂದಿನವರು ಅದನ್ನು ಕೆಳಕ್ಕೆ ತಳ್ಳಲಿ. ಒಂದೊಂದು ನಿಮಿಷಕ್ಕೆ ಜಾಗ ಬದಲಿಸಿಕೊಳ್ಳಿ. ಹೂತವರ ಮೇಲೆ ಹತ್ತಿ ನಿಲ್ಲಬೇಡಿ, ಉಸಿರಿನ ಜಾಗ ಕುಸಿದೀತು.

ಮೊದಲು ಮುಖ, ಎದೆ ಬಿಡಿಸಿ. ಬಾಯಿ ಮೂಗಿನ ಹಿಮ ತೆಗೆಯಿರಿ. ಉಸಿರಿಲ್ಲದಿದ್ದರೆ ಮೈ ಪೂರ್ತಿ ಹೊರಬರುವವರೆಗೆ ಕಾಯದೆ ಬಾಯಿಯಿಂದ ಉಸಿರು ಕೊಡಲು ಶುರುಮಾಡಿ, ಎದೆ ಒತ್ತಲು ಜಾಗ ಆದ ಕೂಡಲೇ ಸಿಪಿಆರ್ ಮಾಡಿ. ಇಲ್ಲಿ ಸಾವಿಗೆ ಮುಖ್ಯ ಕಾರಣ ಉಸಿರುಗಟ್ಟುವುದು, ಹಾಗಾಗಿ ಎದೆ ಒತ್ತುವುದಷ್ಟೇ ಸಾಲದು. ಉಸಿರಿದ್ದರೆ ಕುತ್ತಿಗೆ, ಬೆನ್ನು ಅಲುಗದಂತೆ ಎಚ್ಚರದಿಂದ ಹೊರತೆಗೆದು, ಕೆಳಗೆ ಒಣ ಹಾಸು ಹಾಕಿ, ಗಾಳಿ ತಾಗದಂತೆ ಸುತ್ತಿ. ಬಹಳ ತಣ್ಣಗಾದವರನ್ನು ಎಬ್ಬಿಸಿ ನಡೆಸಬೇಡಿ.

ಈ ಕೆಲಸ ಓದಿ ಬರುವುದಿಲ್ಲ. ಒಂದು ಟ್ರಾನ್ಸೀವರನ್ನು ಚೀಲಕ್ಕೆ ಹಾಕಿ ಸ್ನೇಹಿತರಿಂದ ಹೂಳಿಸಿ, ಗಡಿಯಾರ ಹಿಡಿದು ಹುಡುಕಿ. ಪ್ರೋಬ್ ತಾಗಿದಲ್ಲಿಗೆ ನಿಲ್ಲಿಸಬೇಡಿ, ಒಂದು ಮೀಟರ್ ಆಳ ಪೂರ್ತಿ ಅಗೆದು ಚೀಲ ಹೊರತೆಗೆಯಿರಿ. ಪ್ರತಿ ಋತುವಿನ ಮೊದಲ ಹಿಮಕ್ಕೆ ಇದನ್ನು ಮಾಡಿ. ಜೊತೆಗೆ ಬೆಟ್ಟದ ಮೇಲೇ ಕಲಿಸುವ ಹಿಮಕುಸಿತದ ಕೋರ್ಸ್ ಒಂದನ್ನು ಮಾಡಿಕೊಳ್ಳಿ, ಸಾಧ್ಯವಾದರೆ ನಿಮ್ಮ ಜೊತೆ ಬೆಟ್ಟಕ್ಕೆ ಬರುವವರನ್ನೂ ಅದೇ ಕೋರ್ಸಿಗೆ ಸೇರಿಸಿ. ಹೂತುಹೋದರೆ ನಿಮ್ಮನ್ನು ಹುಡುಕಬೇಕಾದವರು ಅವರೇ.